ಪೋಸ್ಟ್‌ಕಾರ್ಡಿನ ಹಿಂಬದಿಯನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೆ,

ಸಣ್ಣ ಊರುಗಳ ಹಳೆಯ ಫೋಟೊ, ಚಿತ್ರ ಪೋಸ್ಟ್‌ಕಾರ್ಡುಗಳು ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಆದರೆ ಚಿತ್ರದಡಿ ಹಾಕುವ ಇಸವಿ ಎಷ್ಟೋ ಸಲ ಬರೀ ಅಂದಾಜು. ಅಚ್ಚಾದ ಅಂದಾಜೇ ನಾಳೆ ದಾಖಲೆ ಎನಿಸಿಕೊಳ್ಳುತ್ತದೆ. ಪೋಸ್ಟ್‌ಕಾರ್ಡಿನ ಕಾಲ ತಿಳಿಯಲು ಬೇಕಾದ ಸುಳಿವು ಹೆಚ್ಚಾಗಿ ಇರುವುದು ಹಿಂಬದಿಯಲ್ಲಿ. ಅದನ್ನೇ ಯಾರೂ ತೋರಿಸುತ್ತಿಲ್ಲ.

ಅಂಚೆ ಮುದ್ರೆಯ ದಿನ ಫೋಟೊ ತೆಗೆದ ದಿನವಲ್ಲ. ಒಂದೇ ಚಿತ್ರದ ಕಾರ್ಡುಗಳು ವರ್ಷಗಟ್ಟಲೆ ಮಾರಾಟವಾಗುತ್ತಿದ್ದವು. 1912ರ ಮುದ್ರೆ ಇದ್ದರೆ ‘1912 ಅಥವಾ ಅದಕ್ಕೂ ಹಿಂದೆ’ ಎಂದಷ್ಟೇ ಬರೆಯಬಹುದು. ಕಾರ್ಡು ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬ ಇನ್ನೊಂದು ತುದಿಯನ್ನು ಹಿಂಬದಿಯ ನಡುಗೆರೆ ಹೇಳುತ್ತದೆ. ಮೊದಲು ಆ ಬದಿ ವಿಳಾಸಕ್ಕಷ್ಟೇ ಮೀಸಲಾಗಿತ್ತು. ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ತುರುಕಬೇಕಿತ್ತು. ಗೆರೆಯ ಎಡಕ್ಕೆ ಒಕ್ಕಣೆ ಬರೆಯಲು ಬ್ರಿಟನ್ 1902ರಲ್ಲಿ, ಅಮೆರಿಕ 1907ರಲ್ಲಿ ಅನುಮತಿ ಕೊಟ್ಟವು. ಗೆರೆಯಿಲ್ಲದ ಹಳೆಯ ದಾಸ್ತಾನು ಆಮೇಲೂ ಖರ್ಚಾದ್ದರಿಂದ, ಗೆರೆ ಇದ್ದರೆ ಅದು ಗಟ್ಟಿ ಸಾಕ್ಷಿ, ಇಲ್ಲದಿದ್ದರೆ ಸುಳಿವು ಮಾತ್ರ.

ಬಳಿಕ ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿಗಳು ಕಂಡರೆ ಅದು ಮುದ್ರಣ ಯಂತ್ರದ ಕೆಲಸ. ಚುಕ್ಕಿಯೇ ಇಲ್ಲದೆ ಕಪ್ಪು ನಯವಾಗಿ ಬೂದು ಬಣ್ಣಕ್ಕೆ ಇಳಿದಿದ್ದರೆ ನಿಜವಾದ ಫೋಟೊ ಇರಬಹುದು. ಅಂಥ ಕಾರ್ಡಿನಲ್ಲಿ ಅಂಚೆಚೀಟಿ ಅಂಟಿಸುವ ಚೌಕದ ಸುತ್ತ ಹಲವು ವೇಳೆ ಫೋಟೊ ಕಾಗದದ ಹೆಸರಿರುತ್ತದೆ. ‘ಅಜೊ’ ಎಂಬ ಹೆಸರಿನ ಕಾಗದದಲ್ಲಿ ಚೌಕದ ಮೂಲೆಗಳಲ್ಲಿರುವ ನಾಲ್ಕೂ ತ್ರಿಕೋನಗಳು ಮೇಲ್ಮುಖವಾಗಿದ್ದರೆ ಸುಮಾರು 1904ರಿಂದ 1918; ಎರಡು ಮೇಲೆ, ಎರಡು ಕೆಳಗೆ ಮುಖ ಮಾಡಿದ್ದರೆ ಸುಮಾರು 1918ರಿಂದ 1930. ಕೊಡಾಕ್ ಕಂಪನಿ 1903ರಲ್ಲಿ ಪೋಸ್ಟ್‌ಕಾರ್ಡ್ ಅಳತೆಯದೇ ನೆಗೆಟಿವ್ ಕೊಡುವ ‘3ಎ’ ಕ್ಯಾಮೆರಾ ತಂದಿತು. ಅಂಗಡಿ ಮುಂದೆ ನಿಂತ ಕೆಲಸಗಾರರು, ನೆರೆ ನುಗ್ಗಿದ ಬೀದಿ, ಶಾಲೆಯ ಮಕ್ಕಳು ಕಾರ್ಡಿಗೆ ಬಂದದ್ದು ಹೆಚ್ಚಾಗಿ ಇಂಥ ಕ್ಯಾಮೆರಾಗಳಿಂದ. ನನ್ನ ಮಟ್ಟಿಗೆ ಊರಿನ ದಿನನಿತ್ಯದ ಬದುಕಿಗೆ ಇವಕ್ಕಿಂತ ಬೆಲೆಬಾಳುವ ಸಾಕ್ಷಿ ಕಡಿಮೆ.

ಮುದ್ರಿತ ಕಾರ್ಡುಗಳನ್ನು ಎಚ್ಚರಿಕೆಯಿಂದ ಓದಬೇಕು. ಕಪ್ಪು-ಬಿಳುಪು ಫೋಟೊಗೆ ಬಣ್ಣ ತುಂಬುತ್ತಿದ್ದವರು ಹಲವು ವೇಳೆ ಆ ಊರನ್ನೇ ನೋಡಿದವರಲ್ಲ. ತಂತಿ, ಕಂಬಗಳನ್ನು ಅಳಿಸಿ ಬೀದಿಯನ್ನು ಚೊಕ್ಕಟಗೊಳಿಸುವುದೂ ಇತ್ತು. ಆದ್ದರಿಂದ ತಂತಿ ಕಾಣದ ಮಾತ್ರಕ್ಕೆ ಆಗ ವಿದ್ಯುತ್ ಇರಲಿಲ್ಲ ಎನ್ನಲಾಗದು. ನೆಗೆಟಿವ್ ತಿರುಗುಮುರುಗಾಗಿ ಅಚ್ಚಾಗಿದ್ದರೆ ಅಂಗಡಿಯ ಬೋರ್ಡು ಅದನ್ನು ಬಯಲು ಮಾಡುತ್ತದೆ.

ಸ್ಕ್ಯಾನ್ ಮಾಡುವವರು ಎರಡೂ ಬದಿಯನ್ನು, ಅಂಚು ಕತ್ತರಿಸದೆ, ಕನಿಷ್ಠ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಲಿ. ಐದೂವರೆ ಇಂಚು ಉದ್ದದ ಕಾರ್ಡಿಗೆ 3,300 ಪಿಕ್ಸೆಲ್ ಸಿಗುತ್ತದೆ. ಮೂಲದಲ್ಲಿ ಸ್ಪಷ್ಟವಿದ್ದರೆ ಬೋರ್ಡಿನ ಅಕ್ಷರಗಳನ್ನು ಹಿಗ್ಗಿಸಿ ಓದಬಹುದು. ಮುಖ ತಿದ್ದುವ, ಬಣ್ಣ ತುಂಬುವ ತಂತ್ರಾಂಶಗಳು ಇಲ್ಲದ ವಿವರವನ್ನು ಸೃಷ್ಟಿಸುತ್ತವೆ. ಅಂಥ ಪ್ರತಿಯನ್ನು ಮೂಲವೆಂದು ಹಂಚಬಾರದು. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋದರೆ ಚಿತ್ರದ ಪದರವೇ ಕಿತ್ತುಬರುತ್ತದೆ; ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಪಿವಿಸಿ ಪ್ಲಾಸ್ಟಿಕ್ಕಿನ ಲಕೋಟೆ ಬೇಡ, ಕಾಲಕ್ರಮೇಣ ಅದರಿಂದ ಆಮ್ಲ ಹೊರಡುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರಲಿ. ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೃದು ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂಬದಿಯಲ್ಲಿ ಉಬ್ಬುತ್ತದೆ.

ತಾವು ಹಳೆಯ ಚಿತ್ರ ಪ್ರಕಟಿಸುವಾಗ ಹಿಂಬದಿಯನ್ನೂ ಚಿಕ್ಕದಾಗಿ ಹಾಕಿ, ಇಸವಿಯ ಮುಂದೆ ಅದು ಮುದ್ರೆಯಿಂದ ತಿಳಿದದ್ದೋ, ಕಾಗದದಿಂದಲೋ, ಮನೆಯವರ ನೆನಪಿನಿಂದಲೋ ಎಂದು ಒಂದು ಸಾಲು ಸೇರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ