ಕಂಪನಿ ಕೈಬದಲಾದಾಗ ಒಳಗಿದ್ದವರ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ದೊಡ್ಡ ಕಂಪನಿಯೊಂದು ಸಣ್ಣ ಕಂಪನಿಯನ್ನು ಕೊಂಡುಕೊಂಡರೆ ನಿಮ್ಮ ವಾಣಿಜ್ಯ ಪುಟದಲ್ಲಿ ಸುದ್ದಿ ಬರುತ್ತದೆ. ಎಷ್ಟಕ್ಕೆ ಕೊಂಡರು, ಷೇರು ಎಷ್ಟು ಏರಿತು, ಜೊತೆಗೆ ಇಬ್ಬರು ಮುಖ್ಯಸ್ಥರು ಕೈಕುಲುಕುವ ಫೋಟೊ. ಒಳಗೆ ಕೆಲಸ ಮಾಡುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಂಥ ಒಂದು ಸಣ್ಣ ಕಂಪನಿಯಲ್ಲಿ 11 ವರ್ಷ ಇದ್ದವನು ನಾನು. ಅದಕ್ಕೇ ಈ ಪತ್ರ.

ನಮಗೂ ವಿಷಯ ಗೊತ್ತಾಗಿದ್ದು ಪೇಪರ್‌ನಿಂದಲೇ. ಬೆಳಿಗ್ಗೆ ತಮ್ಮ ಫೋನ್ ಮಾಡಿ, "ಅಣ್ಣಾ, ನಿಮ್ಮ ಕಂಪನಿ ಮಾರಿಬಿಟ್ರಂತಲ್ಲ, ಹೌದಾ?" ಅಂದ. ಏನು ಹೇಳಲಿ? ಆಫೀಸಿಗೆ ಹೋದರೆ ನಮ್ಮ ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರನ್ನೂ ಸೇರಿಸಿ, "ಸದ್ಯಕ್ಕೆ ಏನೂ ಬದಲಾಗುವುದಿಲ್ಲ, ನೆಮ್ಮದಿಯಾಗಿ ಕೆಲಸ ಮಾಡಿ" ಎಂದರು. ಆ 'ಸದ್ಯಕ್ಕೆ' ಎಂಬ ಮಾತು ತಿಂಗಳುಗಟ್ಟಲೆ ನಮ್ಮ ನಿದ್ದೆ ಕೆಡಿಸಿತು.

ಮೊದಲೇ ಹೇಳದಿರುವುದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಒಳಗಿನ ಸುದ್ದಿ ಹಿಡಿದು ಯಾರೋ ಲಾಭ ಮಾಡಿಕೊಳ್ಳಬಾರದು. ಘೋಷಣೆ ಆದಮೇಲೂ ವ್ಯವಹಾರ ಮುಗಿಯುವ ತನಕ ಎರಡೂ ಕಂಪನಿ ಬೇರೆ ಬೇರೆಯಾಗಿಯೇ ನಡೆಯಬೇಕು, ಸರ್ಕಾರದ ಒಪ್ಪಿಗೆಗೂ ಕಾಯಬೇಕಾಗುತ್ತದೆ. ಸರಿ. ಆದರೆ ಆ ತಿಂಗಳುಗಳಲ್ಲಿ ಒಳಗಿದ್ದವರ ಪಾಡು ಏನು? ಮನೆ ಸಾಲಕ್ಕೆ ಅರ್ಜಿ ಹಾಕಬೇಕೆಂದಿದ್ದವರು ಸುಮ್ಮನಾದರು. ರಜೆ ಕೇಳುವುದಕ್ಕೂ ಹೆದರಿಕೆ. ಹೊರಗೆ ಬೇಗ ಕೆಲಸ ಸಿಗುವವರು, ಅಂದರೆ ಕೆಲಸ ಚೆನ್ನಾಗಿ ಬಲ್ಲವರು, ಮೊದಲು ಬಿಟ್ಟು ಹೋದರು, ಅವರ ಕೆಲಸವೂ ಉಳಿದವರ ತಲೆಗೇ ಬಂತು, ಕೇಳಿದರೆ ಹೊಸಬರನ್ನು ತೆಗೆದುಕೊಳ್ಳುವುದಕ್ಕೆ ಈಗ ಅನುಮತಿ ಇಲ್ಲ ಎಂದರು.

ಕಂಪನಿ ಕೈಬದಲಾದ ಮೇಲೆ ಒಂದು ಕುರ್ಚಿಗೆ ಇಬ್ಬರಾದರು. ಅಕೌಂಟ್ಸ್, ಎಚ್‌ಆರ್, ಐಟಿ ಸಪೋರ್ಟ್ ಅವರ ಕಡೆಯೂ ಇದ್ದವು, ನಮ್ಮ ಕಡೆಯೂ ಇದ್ದವು. ನಮ್ಮ ಅಕೌಂಟ್ಸ್‌ನಲ್ಲಿ ಒಬ್ಬರು ಮೇಡಂ 14 ವರ್ಷದಿಂದ ಬಿಲ್ ನೋಡುತ್ತಿದ್ದರು. ಯಾವ ಸಪ್ಲೈಯರ್ ತೆರಿಗೆ ತಪ್ಪು ಹಾಕುತ್ತಾರೆ, ಯಾರು ಒಂದೇ ಬಿಲ್ ಎರಡು ಸಲ ಕಳಿಸುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ತಮ್ಮ ಕೆಲಸವನ್ನು ಹೊಸ ಕಂಪನಿಯ ಇಬ್ಬರು ಹುಡುಗರಿಗೆ ಕಲಿಸಿಕೊಡಿ ಎಂದು ಅವರಿಗೇ ಹೇಳಿದರು. ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್) ಕೊಡುವುದು ಅನ್ನುತ್ತೇವಲ್ಲ, ಅದು. ಆರು ವಾರ ಕೊಟ್ಟರು. ತಾವು ಕೈಯಲ್ಲಿ ಬರೆದುಕೊಂಡಿದ್ದ ನೋಟ್‌ಬುಕ್ ಅನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟರು. ಕೊನೆಯ ದಿನ ಬ್ಯಾಗ್ ಹಿಡಿದು ಹೊರಡುವಾಗ ಆ ಹುಡುಗರಿಗೆ, "ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಫೋನ್ ಮಾಡ್ರಪ್ಪಾ" ಅಂದರು. ಅದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ನನ್ನ ಕೆಲಸ ಉಳಿಯಿತು. ಹೊಸ ಕಂಪನಿಯ ಪತ್ರ ಕೈಗೆ ಬಂದಾಗ ಎಲ್ಲರೂ ಸಂಬಳದ ಸಾಲು ನೋಡಿ ಸಹಿ ಹಾಕಿದರು. ನಾನೂ ಹಾಕುತ್ತಿದ್ದೆ. ಪಕ್ಕದ ಸೀಟಿನವರು ತಡೆದು, 'ಸೇರಿದ ದಿನಾಂಕ' ಎಂಬ ಕಡೆ ಬೆರಳಿಟ್ಟು ತೋರಿಸಿದರು. ಅಲ್ಲಿ ಆ ತಿಂಗಳ ಒಂದನೇ ತಾರೀಕು ಇತ್ತು. ಅಂದರೆ ನಾನು ಅವತ್ತು ಹೊಸದಾಗಿ ಸೇರಿದವನು, 11 ವರ್ಷ ಲೆಕ್ಕಕ್ಕೇ ಇಲ್ಲ! ಕೆಲಸ ಹೋದರೆ ಸಿಗುವ ಪರಿಹಾರ, ನಿವೃತ್ತಿಯ ಹಣ ಇವೆಲ್ಲ ಸಾಮಾನ್ಯವಾಗಿ ಸೇವೆಯ ವರ್ಷಗಳ ಮೇಲೆ ನಿಂತಿರುತ್ತವೆ ಅಲ್ವಾ? ನಾವು ಕೆಲವರು ಸೇರಿ ಬರೆದು ಕೇಳಿದೆವು. ಮೂರು ವಾರದ ಮೇಲೆ ತಿದ್ದಿದ ಪತ್ರ ಬಂತು. ಕೇಳದೇ ಇದ್ದಿದ್ದರೆ ಯಾರೂ ತಿದ್ದುತ್ತಿರಲಿಲ್ಲ.

ಯುರೋಪಿನಲ್ಲಿ ಇದಕ್ಕೆ 1977ರಿಂದಲೇ ನಿಯಮ ಇದೆ. ಒಂದು ವ್ಯವಹಾರ ಬೇರೆ ಮಾಲೀಕರ ಕೈಗೆ ಹೋದರೆ ಕೆಲಸಗಾರರ ಹಳೆಯ ಷರತ್ತುಗಳೂ ಅವರ ಜೊತೆಗೇ ಹೋಗಬೇಕು, ಕೈಬದಲಾಯಿತು ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಆದರೆ ಬರೀ ಷೇರು ಮಾರಿ ಕಂಪನಿ ಕೈಬದಲಾದರೆ ಆ ನಿಯಮ ಹತ್ತಿರಕ್ಕೇ ಬರುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಕೆಲಸ ಕೊಟ್ಟ ಕಂಪನಿ ಅದೇ ಇರುತ್ತದೆ. ಕೆಲಸ ಮಾಡುವವನಿಗೆ ಎರಡರಲ್ಲೂ ಬಾಸ್ ಬದಲಾಗುತ್ತಾನೆ.

ಕೊಂಡವರು ನಡೆದುಕೊಳ್ಳುವ ರೀತಿಯಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ನೋಡಿ. ನೋಕಿಯಾದ ಫೋನ್ ವಿಭಾಗ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಗೆ ಬಂತು. ಮೂರು ತಿಂಗಳೂ ಆಗಿರಲಿಲ್ಲ, ಜುಲೈನಲ್ಲಿ 18,000 ಕೆಲಸಗಳ ತನಕ ಕಡಿತ ಎಂದು ಘೋಷಿಸಿದರು. ಅದರಲ್ಲಿ ಸುಮಾರು 12,500 ನೋಕಿಯಾ ಕಡೆಯಿಂದ ಬಂದವರ ವಿಭಾಗದ್ದು. ಮರುವರ್ಷ ಆ ಖರೀದಿಗೆ ಸಂಬಂಧಿಸಿ 760 ಕೋಟಿ ಡಾಲರ್ ನಷ್ಟ ಬರೆದುಕೊಂಡು, ಇನ್ನೂ 7,800 ಕೆಲಸ ತೆಗೆದರು. ಇನ್ನೊಂದು ಕಡೆ, 2006ರಲ್ಲಿ ಡಿಸ್ನಿ ಕಂಪನಿ ಅನಿಮೇಷನ್ ಸಿನಿಮಾ ಮಾಡುವ ಪಿಕ್ಸರ್ ಅನ್ನು ಕೊಂಡಾಗ, ಪಿಕ್ಸರ್‌ನವರ ಕೆಲಸದ ಪದ್ಧತಿಗಳಲ್ಲಿ ಯಾವುದನ್ನು ಮುಟ್ಟಬಾರದು ಎಂದು ಪುಟಗಟ್ಟಲೆ ಪಟ್ಟಿ ಮಾಡಿ ಒಪ್ಪಿಕೊಂಡರು. ಮನಸ್ಸಿದ್ದರೆ ದೊಡ್ಡವರಿಗೂ ಬರೆದುಕೊಡಲು ಬರುತ್ತದೆ ಎಂದಾಯಿತು.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಬೆಲೆ ಬರೆಯಿರಿ, ಷೇರೂ ಬರೆಯಿರಿ. ಜೊತೆಗೆ ನಿಮ್ಮ ವರದಿಗಾರರು ಆ ಕಂಪನಿಯಲ್ಲಿ ಎಷ್ಟು ಜನ ಇದ್ದಾರೆ, ಅವರ ಹಳೆಯ ಸೇವೆ ಲೆಕ್ಕಕ್ಕೆ ಸೇರುತ್ತದೆಯೇ, ಎಷ್ಟು ದಿನದ ತನಕ ಯಾರನ್ನೂ ತೆಗೆಯುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ ಎಂದೂ ಕೇಳಲಿ. ಕಂಪನಿ ಉತ್ತರ ಕೊಡದಿದ್ದರೆ, ಉತ್ತರ ಕೊಡಲಿಲ್ಲ ಎಂದೇ ಅಚ್ಚು ಹಾಕಿ.

ಇತಿ,
ನಿಮ್ಮ ಓದುಗ