ಗೇಟಿನ ದೀಪ ಹಾಡಹಗಲೇ ಉರಿಯುವುದೇಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೇಟಿನಿಂದ ಪಾರ್ಕಿಂಗ್‌ವರೆಗಿನ ದೀಪಗಳು ಬೆಳಕು-ಕತ್ತಲೆ ಗುರುತಿಸುವ ಸೆನ್ಸರ್ ಇದ್ದರೂ ಹಾಡಹಗಲೇ ಉರಿಯುತ್ತಿರುತ್ತವೆ. ಸೆನ್ಸರ್ ಕೂರಿಸಿದ ಜಾಗವೇ ಹೆಚ್ಚಾಗಿ ಇದಕ್ಕೆ ಕಾರಣ. ಸಜ್ಜಾದ ನೆರಳಲ್ಲಿದ್ದರೆ ಅಥವಾ ಧೂಳು ಮೆತ್ತಿದರೆ ಅದಕ್ಕೆ ಹಗಲೂ ಕತ್ತಲೇ. ದೀಪದ ಬೆಳಕು ಅದರ ಮೇಲೆಯೇ ಬಿದ್ದರಂತೂ ರಾತ್ರಿಯಿಡೀ ಹೊತ್ತಿ ಆರುವ ಕಾಟ. ದೀಪಕ್ಕಿಂತ ಮೇಲೆ, ಆಕಾಶ ಕಾಣುವಂತೆ ಅದನ್ನು ಕೂರಿಸಬೇಕು.

ಚಲನೆ ಗುರುತಿಸುವ ಪಿಐಆರ್ ಸೆನ್ಸರ್ 2ರಿಂದ 2.5 ಮೀಟರ್ ಎತ್ತರದಲ್ಲಿ, ವಾಹನ ಅದರೆದುರು ಅಡ್ಡ ಹಾಯುವಂತಿರಲಿ. ನೇರ ಎದುರಿಗೆ ಬಂದರೆ ತಡವಾಗಿ ಗುರುತಿಸುತ್ತದೆ. ಹತ್ತಾರು ಎಲ್‌ಇಡಿಗಳನ್ನು ಒಂದೇ ಸೆನ್ಸರಿಗೆ ನೇರ ಜೋಡಿಸಿದರೆ ಹೊತ್ತುವ ಕ್ಷಣದ ಜೋರು ಕರೆಂಟಿಗೆ ಸೆನ್ಸರಿನೊಳಗಿನ ಪುಟ್ಟ ಸ್ವಿಚ್ಚಾದ ರಿಲೇ ಅಂಟಿಕೊಂಡು ದೀಪ ಆರುವುದೇ ಇಲ್ಲ. ನಡುವೆ ಹೆಚ್ಚು ಕರೆಂಟ್ ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರ್, ಹೊರಗಿನ ಲೈನಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು.

ನಿವಾಸಿಗಳ ಸಂಘಗಳು ಸೆನ್ಸರ್ ಕೂರಿಸಿದವರ ಬಿಲ್ ಪಾವತಿಸುವ ಮುನ್ನ ಹಗಲಲ್ಲಿ ಬೆಳಕಿನ ಸೆನ್ಸರಿಗೆ ಕಪ್ಪು ಟೇಪ್ ಸುತ್ತಿಸಿ, ದೀಪ ಹೊತ್ತುತ್ತದೆಯೇ, ಟೇಪ್ ತೆಗೆದ ಒಂದೆರಡು ನಿಮಿಷದಲ್ಲಿ ಆರುತ್ತದೆಯೇ ಎಂದು ಪರೀಕ್ಷಿಸಲಿ.

– ಓದುಗ, ಬೆಂಗಳೂರು