ನೀರು ಕುಡಿಯಿರಿ ಅಂತೀರಿ, ಟಾಯ್ಲೆಟ್ ಎಲ್ಲಿ ಉಂಟು?

ಮಾನ್ಯ ಸಂಪಾದಕರೇ,

ಸೆಕೆ ಶುರುವಾಯ್ತು ಅಂದ್ರೆ ಸಾಕು, ಪತ್ರಿಕೆಯ ಆರೋಗ್ಯ ಪುಟದಲ್ಲಿ, ವಾಟ್ಸಾಪಲ್ಲಿ, ಡಾಕ್ಟ್ರ ಬಾಯಲ್ಲಿ ಎಲ್ಲಾ ಕಡೆ ಒಂದೇ ಮಾತು, ಚೆನ್ನಾಗಿ ನೀರು ಕುಡಿಯಿರಿ. ಮಾತು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಉಡುಪಿಯಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವ ನಮ್ಮಂಥ ಹೆಂಗಸರು ಗೊತ್ತಿಲ್ಲದೆ ನೀರು ಬಿಡುದಲ್ಲ, ಬೇಕಂತ್ಲೇ ಬಿಡುದು. ಬ್ಯಾಗಲ್ಲಿ ಬಾಟ್ಲಿ ಇರ್ತದೆ, ಸಂಜೆ ಮನೆಗೆ ಬಂದಾಗ್ಲೂ ಮುಕ್ಕಾಲು ಹಾಗೇ ಇರ್ತದೆ. ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಲ್ಲಾ ಕಡೆ ನಿಲ್ತದೆ, ಆದ್ರೆ ಜನ ಹತ್ತಿ ಇಳಿಯುವಷ್ಟು ಹೊತ್ತು ಮಾತ್ರ, ನಡುವಲ್ಲಿ ಅರ್ಜೆಂಟ್ ಆದ್ರೆ ಕಂಡಕ್ಟರ್ ಹತ್ರ ಎಂತ ಹೇಳುದು ನೀವೇ ಹೇಳಿ.

ಅದೂ ನಮ್ಮ ಕರಾವಳಿ ಸೆಕೆ ಬೇರೆ ನಮೂನೆಯದ್ದು. ಬಯಲುಸೀಮೆಯಲ್ಲಿ ಬಿಸಿಲು ಜಾಸ್ತಿ ಇದ್ರೂ ಬೆವರು ಬಂದ ಹಾಗೇ ಆರಿ ಹೋಗ್ತದೆ, ಹಾಗೆ ಆರುವಾಗ್ಲೇ ಮೈ ತಂಪಾಗುದು. ಇಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುದೇ ಇಲ್ಲ, ಸುಮ್ನೆ ಇಳಿದು ಹೋಗ್ತದೆ, ನೀರೂ ಉಪ್ಪೂ ಹೋಯ್ತು ಮೈ ತಂಪೂ ಆಗ್ಲಿಲ್ಲ. ಮಧ್ಯಾಹ್ನದ ಮೇಲೆ ತಲೆನೋವು, ಸುಸ್ತು, ಎದ್ದು ನಿಂತ್ರೆ ಕಣ್ಣು ಕತ್ತಲೆ ಬಂದ ಹಾಗಾಗುದು, ಇದಕ್ಕೆಲ್ಲ ನಾವು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತೇವೆ. ಎಷ್ಟೋ ಸಲ ನೀರು ಕಡಿಮೆಯಾದದ್ದೇ ಕಾರಣ ಇರ್ತದೆ.

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್‌ನಷ್ಟು ಸೋಸ್ತದಂತೆ, ಅದ್ರಲ್ಲಿ ಹೆಚ್ಚು ಕಡಿಮೆ ಎಲ್ಲಾ ವಾಪಸ್ ರಕ್ತಕ್ಕೇ ಹೋಗಿ ಕೊನೆಗೆ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬರುದು. ನೀರು ಕಡಿಮೆಯಾದ್ರೆ ಮೂತ್ರ ದಪ್ಪ ಆಗ್ತದೆ, ಅದ್ರಲ್ಲಿರುವ ಉಪ್ಪಿನಂಶ ಹರಳು ಕಟ್ತದೆ, ಅದೇ ಕಲ್ಲು. ಇಟಲಿಯಲ್ಲಿ ಒಮ್ಮೆ ಕಲ್ಲಾದವರನ್ನೇ 5 ವರ್ಷ ನೋಡಿದ್ದಾರೆ, 1996ರಲ್ಲಿ ಬಂದ ವರದಿ, ನೀರು ಜಾಸ್ತಿ ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಕಲ್ಲು ಮತ್ತೆ ಬಂತು, ಉಳಿದವರಲ್ಲಿ 27 ಜನರಿಗೆ. ನಮ್ಮಲ್ಲಿ ಕಲ್ಲಿನ ನೋವು ಬಂದ ಮೇಲೆ ಬಾಳೆದಿಂಡಿನ ರಸ ಹುಡುಕಿಕೊಂಡು ಹೊರಡ್ತೇವೆ, ಅದ್ರ ಮೊದ್ಲು ಬಾಟ್ಲಿ ಮುಚ್ಚಳ ತೆಗಿಲಿಕ್ಕೆ ಉದಾಸೀನ.

ಹೆಂಗಸರಿಗೆ ಇದಕ್ಕಿಂತ ದೊಡ್ಡ ಕಷ್ಟ ಉರಿಮೂತ್ರ. ನಮ್ಮ ಮೂತ್ರನಾಳ 4 ಸೆಂಟಿಮೀಟರ್ ಆಸುಪಾಸು ಅಷ್ಟೇ, ಗಂಡಸರಷ್ಟು ಉದ್ದ ಇಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಬೇಗ ಮೇಲೆ ಹತ್ತುತ್ತದೆ. ಆಗಾಗ ಮೂತ್ರಕ್ಕೆ ಹೋದ್ರೆ ಅದು ತೊಳೆದು ಹೋಗ್ತದೆ, ಕುಡಿಯದೆ, ಹೋಗದೆ ತಡ್ಕೊಂಡು ಕೂತ್ರೆ ಅಲ್ಲೇ ಬೆಳೀತದೆ. ಪದೇ ಪದೇ ಹೀಗೆ ಇನ್ಫೆಕ್ಷನ್ ಆಗುವ 140 ಹೆಂಗಸರ ಮೇಲೆ ಒಂದು ಅಧ್ಯಯನ 2018ರಲ್ಲಿ ಪ್ರಕಟ ಆಗಿದೆ, ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುವವರು ಅವರೆಲ್ಲ. ಅರ್ಧ ಜನರಿಗೆ ದಿನಾ ಇನ್ನೂ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದ್ರು, ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಬಂತು, ಉಳಿದವರಿಗೆ 3.2 ಸಲ. ಬರೀ ನೀರು ಮಾರಾಯ್ರೆ, ಔಷಧಿ ಅಲ್ಲ!

ಎಷ್ಟು ಕುಡಿಬೇಕು ಅಂತ ಕೇಳಿದ್ರೆ ಎಲ್ಲರೂ ಎಂಟು ಗ್ಲಾಸು ಅಂತಾರೆ, ಎಲ್ಲರಿಗೂ ಒಂದೇ ಲೆಕ್ಕ ಹೇಗೆ ಆಗ್ತದೆ? ಯುರೋಪಿನವರು ಹೆಂಗಸರಿಗೆ 2 ಲೀಟರ್ ಗಂಡಸರಿಗೆ 2.5 ಲೀಟರ್ ಅಂತ ಇಟ್ಟಿದ್ದಾರೆ, ಅದೂ ಊಟದಲ್ಲಿ ಬರುವ ನೀರು ಸೇರಿಸಿ, ಹೆಚ್ಚು ಸೆಕೆ ಇಲ್ಲದ ಹವೆಗೆ. ಬಂದರಲ್ಲಿ ಬುಟ್ಟಿ ಹೊರುವವರಿಗೆ ಅದು ಸಾಕಾಗ್ಲಿಕ್ಕಿಲ್ಲ. ಸುಲಭದ ದಾರಿ ಮೂತ್ರದ ಬಣ್ಣ ನೋಡುದು, ತಿಳಿ ಹಳದಿ ಇದ್ರೆ ಸರಿ, ಕಡು ಹಳದಿ ಇದ್ರೆ ಕುಡಿಯಿರಿ. ಗಂಜಿ ತೆಳಿ, ಮಜ್ಜಿಗೆ, ಬೊಂಡ (ಎಳನೀರು), ಜೀರಿಗೆ ಹಾಕಿ ಕುದಿಸಿದ ನೀರು ಎಲ್ಲಾ ಲೆಕ್ಕಕ್ಕೆ ಬರ್ತದೆ, ಚಾ ಕೂಡ. ಮನೆಯ ಅಜ್ಜ ಅಜ್ಜಿಗೆ ಬಾಯಾರಿಕೆಯೇ ಗೊತ್ತಾಗುದು ಕಡಿಮೆ, ಅವರಿಗೆ ನಾವೇ ಕೊಡ್ಬೇಕು. ಹಾರ್ಟ್ ಫೇಲ್ಯೂರ್ ಇರುವವರು, ಡಯಾಲಿಸಿಸ್‌ನವರು ಮಾತ್ರ ಡಾಕ್ಟ್ರು ಹೇಳಿದಷ್ಟೇ. ಒಂದೇ ಸಲಕ್ಕೆ ಮೂರು ನಾಲ್ಕು ಲೀಟರ್ ಗಟಗಟ ಇಳಿಸುವ ಚಾಲೆಂಜ್ ಎಲ್ಲಾ ಬೇಡ, ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ. ಚರ್ಮ ಹೊಳೀತದೆ, ಡಿಟಾಕ್ಸ್ ಆಗ್ತದೆ ಅನ್ನುವ ರೀಲ್ಸ್‌ಗಳನ್ನು ನಾನಂತೂ ನಂಬುದಿಲ್ಲ.

ಈಗ ನಿಜ ವಿಷಯಕ್ಕೆ ಬರ್ತೇನೆ. ರಸ್ತೆ ಬದಿ ಕೂತು ಮೀನು ಮಾರುವ ಹೆಂಗಸರು, ಬಟ್ಟೆ ಅಂಗಡಿಯಲ್ಲಿ ದಿನಪೂರ್ತಿ ನಿಲ್ಲುವ ಹುಡುಗಿಯರು, ಬೆಳಿಗ್ಗೆ ಬೇಗ ಬಂದು ರಸ್ತೆ ಗುಡಿಸುವವರು, ಟ್ರಾಫಿಕ್ ಡ್ಯೂಟಿಯ ಮಹಿಳಾ ಪೊಲೀಸರು, ಇವರ ಹತ್ರ ಹೋಗಿ ಎರಡು ಲೀಟರ್ ಕುಡಿಯಿರಿ ಅಂತ ಹೇಳಿ ನೋಡಿ, ನಗ್ತಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಲಿಕ್ಕೆ ನೆನಪಿಸುವ ವಾಟರ್ ಬೆಲ್ ಶುರುವಾಯ್ತು, ನಮ್ಮ ರಾಜ್ಯದಲ್ಲೂ ಮಾಡಿದ್ರು, ಒಳ್ಳೆ ಕೆಲಸ. ಆದ್ರೆ ಟಾಯ್ಲೆಟ್‌ನಲ್ಲಿ ನೀರಿಲ್ಲ, ಬಾಗಿಲ ಚಿಲಕ ಸರಿ ಇಲ್ಲ ಅಂತಾದ್ರೆ ಹುಡುಗಿಯರು ಆ ಬೆಲ್‌ಗೆ ಬಾಟ್ಲಿ ಎತ್ತಿ ತುಟಿ ಒದ್ದೆ ಮಾಡಿ ಇಡ್ತಾರೆ ಅಷ್ಟೇ. ಪೆಟ್ರೋಲ್ ಪಂಪ್‌ಗಳಲ್ಲಿ ಕುಡಿಯುವ ನೀರು, ಟಾಯ್ಲೆಟ್ ಇರಬೇಕು ಅಂತ ಆಯಿಲ್ ಕಂಪೆನಿಗಳ ನಿಯಮವೇ ಉಂಟು. ಕೆಲವು ಕಡೆ ಕ್ಲೀನ್ ಇರ್ತದೆ, ಕೆಲವು ಕಡೆ ಕೀ ಯಾರ ಹತ್ರ ಅಂತ್ಲೇ ಗೊತ್ತಿರುದಿಲ್ಲ.

ಅದಕ್ಕೆ ಪತ್ರಿಕೆಯವರ ಹತ್ರ ಒಂದು ವಿನಂತಿ. ಮುಂದಿನ ಸಲ ನೀರಿನ ಬಗ್ಗೆ ಲೇಖನ ಹಾಕುವಾಗ ಜೊತೆಗೆ ನಿಮ್ಮ ಮಹಿಳಾ ವರದಿಗಾರರೊಬ್ಬರನ್ನು ಕುಂದಾಪುರದಿಂದ ಮಂಗಳೂರಿನವರೆಗೆ ಹೈವೇ 66ರಲ್ಲಿ ಬಸ್ಸಲ್ಲೇ ಕಳಿಸಿ, ಎಲ್ಲೆಲ್ಲಿ ಟಾಯ್ಲೆಟ್ ಉಂಟು, ಎಷ್ಟು ಗಂಟೆವರೆಗೆ ತೆರೆದಿರ್ತದೆ, ಬಕೆಟಲ್ಲಿ ನೀರುಂಟಾ, ಲೈಟ್ ಉಂಟಾ ಅಂತ ಪಟ್ಟಿ ಮಾಡಿ ಹಾಕಿ. ಬೀಗ ಜಡಿದಲ್ಲಿ ಬೀಗದ್ದೇ ಫೋಟೋ ಹಾಕಿ, ಒಂಚೂರು ದೊಡ್ಡದಾಗಿಯೇ.

ಇತಿ,
ನಿಮ್ಮ ಓದುಗಿ, ಉಡುಪಿ